ಮಿಕ್ಕ ಚೂರು ಯಾರ ಪಾಲಿಗೆ?

ಕೀಬೋರ್ಡ್ ಇಲ್ಲದ ಗಾನವೃಂದ ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಅಪರೂಪ. ಏಳು ಬಿಳಿ ಕೀ, ಐದು ಕಪ್ಪು ಕೀ, ಒಟ್ಟು ಹನ್ನೆರಡು. ಆಮೇಲೆ ಮತ್ತೆ ಮೊದಲಿನಿಂದ ಅದೇ ಸಾಲು. ಕೈಗೆ ಐದು ಬೆರಳಿರುವಷ್ಟೇ ಸಹಜವಾಗಿ ಈ ಹನ್ನೆರಡು ಸ್ವರಗಳನ್ನು ನಿಸರ್ಗವೇ ಕೊಟ್ಟಿದೆ ಎಂದು ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ಪಾಶ್ಚಾತ್ಯ ಸಂಗೀತಶಾಸ್ತ್ರ ಹೇಳುವ ಕಥೆ ಬೇರೆ. ಈ ಸಾಲಿನಲ್ಲಿ ಅರ್ಧ ದೇವರ ಸೃಷ್ಟಿ, ಅರ್ಧ ಮನುಷ್ಯರ ಒಪ್ಪಂದ. ಆ ಒಪ್ಪಂದಕ್ಕೆ ಬರಲು ಯುರೋಪಿನ ಪಂಡಿತರೂ ಸನ್ಯಾಸಿಗಳೂ ಆರ್ಗನ್ ಕಟ್ಟುವ ಕುಶಲಕರ್ಮಿಗಳೂ ಎರಡು ಸಾವಿರ ವರ್ಷ ಹೆಣಗಿದರು. ಏಕೆಂದರೆ ಸ್ವರಗಳ ಲೆಕ್ಕದಲ್ಲಿ ಒಂದು ಚೂರು ಯಾವಾಗಲೂ ಮಿಕ್ಕುತ್ತದೆ. ಆ ಚೂರನ್ನು ಯಾರ ತಲೆಗೆ ಕಟ್ಟಬೇಕು ಎಂಬುದೇ ಅವರ ಪ್ರಶ್ನೆಯಾಗಿತ್ತು. ಅಣ್ಣತಮ್ಮಂದಿರು, ಅಕ್ಕತಂಗಿಯರು ಇರುವ ಪ್ರತಿ ಮನೆಯ ಪ್ರಶ್ನೆಯೂ ಅದೇ ಎಂದು ನನಗೆ ತೋರುತ್ತದೆ. ಆದುದರಿಂದ ಸ್ವಲ್ಪ ಲೆಕ್ಕ ಮಾಡೋಣ. ಶಾಲೆ ಬಿಟ್ಟ ಮೇಲೆ ಲೆಕ್ಕದ ಗೊಡವೆಗೆ ಹೋಗದವರೂ ಹೆದರಬೇಕಾಗಿಲ್ಲ. ಮಗ್ಗಿ ಬಂದರೆ ಸಾಕು.

ಒಂದು ತಂತಿಯನ್ನು ಬಿಗಿಯಾಗಿ ಕಟ್ಟಿ ಮೀಟಿರಿ. ಬಂದ ನಾದವನ್ನು ‘ಸ’ ಎನ್ನೋಣ. ಪಶ್ಚಿಮದವರು ‘ದೋ’ ಎನ್ನುತ್ತಾರೆ. ತಂತಿಯ ನಟ್ಟನಡುವೆ ಬೆರಳಿಟ್ಟು ಅರ್ಧವನ್ನಷ್ಟೇ ಮೀಟಿದರೆ ಮೇಲಿನ ಸ್ಥಾಯಿಯ ‘ಸ’ ಕೇಳಿಸುತ್ತದೆ. ಗಂಡಸರೂ ಹೆಂಗಸರೂ ಒಂದೇ ಭಕ್ತಿಗೀತೆಯನ್ನು ಒಟ್ಟಿಗೆ ಹಾಡುವಾಗ ಅವರ ದನಿಗಳ ನಡುವೆ ಇರುವುದು ಸಾಮಾನ್ಯವಾಗಿ ಇದೇ ಅಂತರ. ಎರಡು ಬೇರೆ ಸ್ವರಗಳೆಂದು ಕಿವಿ ಒಪ್ಪುವುದೇ ಇಲ್ಲ, ಅಷ್ಟು ಹೊಂದಿಕೆ. ಇದಕ್ಕೆ ಆಕ್ಟೇವ್ ಎಂದು ಹೆಸರು. ತಂತಿಯ ಮೂರರಲ್ಲಿ ಎರಡು ಪಾಲನ್ನು ಮೀಟಿದರೆ ‘ಪ’ ಬರುತ್ತದೆ, ನಾಲ್ಕರಲ್ಲಿ ಮೂರು ಪಾಲನ್ನು ಮೀಟಿದರೆ ‘ಮ’. ಕಂಪನಗಳ ಲೆಕ್ಕದಲ್ಲಿ ಹೇಳುವುದಾದರೆ ಕೆಳಗಿನ ‘ಸ’ ಒಂದು ಸಲ ಕಂಪಿಸುವಷ್ಟರಲ್ಲಿ ಮೇಲಿನ ‘ಸ’ ಎರಡು ಸಲ ಕಂಪಿಸುತ್ತದೆ. ಅದೇ ‘ಸ’ ಎರಡು ಸಲ ಕಂಪಿಸುವಷ್ಟರಲ್ಲಿ ‘ಪ’ ಮೂರು ಸಲ ಕಂಪಿಸುತ್ತದೆ. ಒಂದು, ಎರಡು, ಮೂರು, ನಾಲ್ಕು: ಮಕ್ಕಳು ಬೆರಳಲ್ಲಿ ಎಣಿಸುವ ಈ ಅಂಕೆಗಳೊಳಗೆ ಇಂಪು ಅಡಗಿದೆ ಎಂಬುದು ಕ್ರಿಸ್ತಪೂರ್ವ ಆರನೆಯ ಶತಮಾನದ ಪೈಥಾಗೊರಸ್‌ ಹೆಸರಿನಲ್ಲಿ ನಮಗೆ ಬಂದಿರುವ ಅರಿವು. ಪ್ಲೇಟೋ ತನ್ನ ‘ಟಿಮೇಯಸ್’ ಗ್ರಂಥದಲ್ಲಿ ಜಗತ್ತಿನ ಆತ್ಮವನ್ನೇ ಎರಡು ಮತ್ತು ಮೂರರ ಗುಣಾಕಾರಗಳಿಂದ ಕಟ್ಟಿಸುತ್ತಾನೆ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಈ ಭಾಗ ಬಂದರೆ ವಿದ್ಯಾರ್ಥಿಗಳು ಆಕಳಿಸುವುದೇ ಹೆಚ್ಚು. ಒಂದು ತಂಬೂರಿಯನ್ನು ತರಗತಿಗೆ ತಂದಿಟ್ಟರೆ ಆಕಳಿಕೆ ನಿಂತೀತು.

ಪೈಥಾಗೊರಸನ ಬಗ್ಗೆ ಒಂದು ಕಥೆಯಿದೆ. ಆತ ಕಮ್ಮಾರನ ಕುಲುಮೆಯ ಮುಂದೆ ಹೋಗುತ್ತಿದ್ದಾಗ ಸುತ್ತಿಗೆಗಳ ಸದ್ದು ಇಂಪಾಗಿ ಕೇಳಿಸಿತಂತೆ. ಒಳಗೆ ಹೋಗಿ ತೂಗಿ ನೋಡಿದರೆ ಸುತ್ತಿಗೆಗಳ ತೂಕ ಇದೇ ಅನುಪಾತದಲ್ಲಿತ್ತಂತೆ. ಆರನೆಯ ಶತಮಾನದ ಆರಂಭದಲ್ಲಿದ್ದ ಬೊಯೆಥಿಯಸ್ ತನ್ನ ಸಂಗೀತಗ್ರಂಥದಲ್ಲಿ ಇದನ್ನು ಬರೆದ. ಆ ಗ್ರಂಥ ಯುರೋಪಿನ ಮಠಗಳಲ್ಲಿ, ವಿದ್ಯಾಪೀಠಗಳಲ್ಲಿ ಶತಮಾನಗಳ ಕಾಲ ಪಠ್ಯವಾಗಿತ್ತು. ಕಥೆ ಮಾತ್ರ ಸುಳ್ಳು. ಸುತ್ತಿಗೆಯ ತೂಕಕ್ಕೆ ಸರಿಯಾಗಿ ಸ್ವರ ಏರಿಳಿಯುವುದಿಲ್ಲ. ತಂತಿಗೆ ಭಾರ ತೂಗಿಬಿಟ್ಟರೂ ಎರಡರಷ್ಟು ಭಾರಕ್ಕೆ ಆಕ್ಟೇವ್ ಬರುವುದಿಲ್ಲ, ನಾಲ್ಕರಷ್ಟು ಬೇಕು. ಪ್ರಯೋಗ ಮಾಡಿ ನೋಡಿದ್ದನ್ನು 1589ರಲ್ಲಿ ಅಚ್ಚುಹಾಕಿಸಿದವನು ವಿಂಚೆಂಜೊ ಗೆಲಿಲೈ. ಇವನೇ ಖಗೋಳಶಾಸ್ತ್ರಜ್ಞ ಗೆಲಿಲಿಯೋನ ತಂದೆ. ಹಳೆಯ ಪುಸ್ತಕದಲ್ಲಿದೆ ಎಂಬ ಕಾರಣಕ್ಕೆ ಒಂದೂವರೆ ಸಾವಿರ ವರ್ಷ ಯಾರೂ ಒಂದು ತಂತಿಗೆ ನಾಲ್ಕು ಕಲ್ಲು ಕಟ್ಟಿ ನೋಡಲಿಲ್ಲವೇ ಎಂದು ಅಚ್ಚರಿಯಾಗುತ್ತದೆ. ತಂತಿಯ ಉದ್ದದ ಲೆಕ್ಕ ನಿಜ. ತೂಕದ ಕಥೆ ಸುಳ್ಳು. ಎರಡೂ ಒಂದೇ ಪುಟದಲ್ಲಿದ್ದುದರಿಂದ ಸುಳ್ಳಿಗೂ ನಿಜದ ಮರ್ಯಾದೆ ಸಿಕ್ಕಿತು.

ಈಗ ಸ್ವರಶ್ರೇಣಿಯನ್ನು, ಅಂದರೆ ಸ್ಕೇಲನ್ನು, ಕಟ್ಟುವ ಬಗೆಗೆ ಬರೋಣ. ನಮ್ಮ ಬಳಿ ಇರುವ ಸಲಕರಣೆ ಎರಡೇ: ಎರಡು ಮತ್ತು ಮೂರು. ‘ಸ’ದಿಂದ ಹೊರಟು ‘ಪ’ಕ್ಕೆ ಹೋಗುತ್ತೇವೆ. ಆ ‘ಪ’ವನ್ನೇ ‘ಸ’ ಎಂದುಕೊಂಡು ಅದರ ‘ಪ’ವನ್ನು ಹುಡುಕುತ್ತೇವೆ. ಅದು ಮೇಲಿನ ಸ್ಥಾಯಿಗೆ ಹೋಗುವುದರಿಂದ ಅರ್ಧಮಾಡಿ ಕೆಳಗಿಳಿಸಿದರೆ ‘ರಿ’ ಸಿಗುತ್ತದೆ. ‘ರಿ’ಯ ‘ಪ’ವೇ ‘ದ’. ‘ದ’ದ ‘ಪ’ವೇ ‘ಗ’. ಇಷ್ಟಕ್ಕೆ ನಿಲ್ಲಿಸಿದರೆ ಸ, ರಿ, ಗ, ಪ, ದ ಎಂಬ ಐದು ಸ್ವರಗಳ ಸಾಲು. ನಮ್ಮ ಮೋಹನ ರಾಗವನ್ನು ಬಲ್ಲವರು ಕೂಡಲೇ ಗುರುತು ಹಿಡಿಯುತ್ತಾರೆ. ಇನ್ನೊಂದು ಹೆಜ್ಜೆಗೆ ‘ನಿ’. ಹೊರಟ ಜಾಗದಿಂದ ಹಿಂದಕ್ಕೆ ಒಂದು ಹೆಜ್ಜೆ ಇಟ್ಟರೆ ‘ಮ’. ಒಟ್ಟು ಏಳಾಯಿತು. ಇವನ್ನು ಏರುಕ್ರಮದಲ್ಲಿ ಜೋಡಿಸಿದಾಗ ಮೆಟ್ಟಿಲುಗಳೆಲ್ಲ ಒಂದೇ ಎತ್ತರ ಇರುವುದಿಲ್ಲ. ‘ಗ’ ಮತ್ತು ‘ಮ’ ನಡುವೆ, ‘ನಿ’ ಮತ್ತು ಮೇಲಿನ ‘ಸ’ ನಡುವೆ ಮೆಟ್ಟಿಲು ಕಿರಿದು. ಉಳಿದ ಐದು ಕಡೆ ಹಿರಿದು. ಕೀಬೋರ್ಡಿನಲ್ಲಿ ಎರಡು ಕಡೆ ಬಿಳಿ ಕೀಗಳ ನಡುವೆ ಕಪ್ಪು ಕೀ ಇಲ್ಲದಿರುವುದು ಇದೇ ಕಾರಣಕ್ಕೆ. ಪಶ್ಚಿಮದವರು ಇದನ್ನು ಮೇಜರ್ ಸ್ಕೇಲ್ ಎನ್ನುತ್ತಾರೆ. ನಮ್ಮಲ್ಲಿ ಶಂಕರಾಭರಣ.

ಅದೇ ಏಳು ಬಿಳಿ ಕೀಗಳನ್ನು ‘ಸ’ದಿಂದಲ್ಲದೆ ಬೇರೆ ಸ್ವರದಿಂದ ಆರಂಭಿಸಿದರೆ ಕಿರಿಯ ಮೆಟ್ಟಿಲುಗಳ ಜಾಗ ಬದಲಾಗಿ ಬೇರೆಯೇ ಭಾವ ಬರುತ್ತದೆ. ‘ರಿ’ಯಿಂದ ಆರಂಭಿಸಿದ್ದು ಖರಹರಪ್ರಿಯವನ್ನು ಹೋಲುತ್ತದೆ, ‘ದ’ದಿಂದ ಆರಂಭಿಸಿದ್ದು ಪಶ್ಚಿಮದ ಮೈನರ್ ಸ್ಕೇಲ್. ಧರ್ಮಸಭೆಯ ಪ್ರಾಚೀನ ಗ್ರೆಗೋರಿಯನ್ ಗಾನದ ಎಂಟು ಮೋಡ್‌ಗಳು ಹುಟ್ಟಿದ್ದು ಹೀಗೆಯೇ. ಸ್ವರಗಳಿಗೆ ಉತ್, ರೆ, ಮಿ, ಫಾ, ಸೋಲ್, ಲಾ ಎಂದು ಹೆಸರಿಟ್ಟವನು ಹನ್ನೊಂದನೆಯ ಶತಮಾನದ ಬೆನೆಡಿಕ್ಟಿನ್ ಸನ್ಯಾಸಿ, ಅರೆಝೋದ ಗೀದೋ. ಸ್ನಾನಿಕ ಯೊವಾನ್ನರ ಗೀತೆಯೊಂದರ ಸಾಲುಗಳು ಒಂದಕ್ಕಿಂತ ಒಂದು ಮೆಟ್ಟಿಲು ಮೇಲೆ ಆರಂಭವಾಗುವಂತೆ ಮಾಡಿ, ಆ ಸಾಲುಗಳ ಮೊದಲ ಅಕ್ಷರಗಳನ್ನೇ ಹೆಸರಾಗಿಸಿದ. ‘ಉತ್’ ಮುಂದೆ ‘ದೋ’ ಆಯಿತು. ಹುಡುಗರು ವರ್ಷಗಟ್ಟಲೆ ಬಾಯಿಪಾಠ ಮಾಡುತ್ತಿದ್ದುದನ್ನು ಈ ಉಪಾಯದಿಂದ ಕೆಲವೇ ದಿನಗಳಲ್ಲಿ ಕಲಿಯತೊಡಗಿದರು. ಅವನಿದ್ದ ಪೊಂಪೋಸಾ ಮಠದ ಸಹಸನ್ಯಾಸಿಗಳಿಗೆ ಇದು ಸಹಿಸಲಿಲ್ಲ. ಆತ ಅಲ್ಲಿಂದ ಹೊರಟು ಅರೆಝೋದ ಧರ್ಮಾಧ್ಯಕ್ಷರ ಆಶ್ರಯ ಪಡೆಯಬೇಕಾಯಿತು. ಮಠಗಳಲ್ಲೂ ಅಪಸ್ವರವಿತ್ತು ಎಂದು ಕೇಳಿದರೆ ನಮಗೇನೂ ಆಶ್ಚರ್ಯವಾಗಬೇಕಿಲ್ಲ.

ಇಲ್ಲಿಯವರೆಗೆ ಎಲ್ಲವೂ ಸುಗಮ. ಏಳಕ್ಕೆ ನಿಲ್ಲದೆ ಅದೇ ‘ಪ’ದ ಹೆಜ್ಜೆಯನ್ನು ಇನ್ನೂ ಮುಂದುವರಿಸಿದರೆ ಕಪ್ಪು ಕೀಗಳ ಸ್ವರಗಳು ಒಂದೊಂದಾಗಿ ಸಿಗುತ್ತವೆ. ಹನ್ನೆರಡನೆಯ ಹೆಜ್ಜೆಗೆ ಹೊರಟ ‘ಸ’ಕ್ಕೇ ಮರಳಿ ಬರಬೇಕು. ಬರುತ್ತೇವೆಯೇ? ಪಿಯಾನೋದ ಅತಿ ಕೆಳಗಿನ ಸ್ವರವನ್ನೇ ತೆಗೆದುಕೊಳ್ಳಿ. ಅದು ಸೆಕೆಂಡಿಗೆ 27.5 ಸಲ ಕಂಪಿಸುತ್ತದೆ. ಆಕ್ಟೇವ್‌ಗಳ ದಾರಿಯಲ್ಲಿ, ಅಂದರೆ ಎರಡರಿಂದ ಏಳು ಸಲ ಗುಣಿಸುತ್ತ ಹೋದರೆ, 3520 ಕಂಪನಗಳ ಸ್ವರಕ್ಕೆ ತಲುಪುತ್ತೇವೆ. ‘ಪ’ಗಳ ದಾರಿಯಲ್ಲಿ, ಅಂದರೆ ಒಂದೂವರೆಯಿಂದ ಹನ್ನೆರಡು ಸಲ ಗುಣಿಸುತ್ತ ಹೋದರೆ, 3568ಕ್ಕೆ ತಲುಪುತ್ತೇವೆ. ಎರಡೂ ಒಂದೇ ಸ್ವರವಾಗಬೇಕಿತ್ತು. ಆದರೆ 48 ಕಂಪನಗಳು ಮಿಕ್ಕಿವೆ. ಇದು ಕೀಬೋರ್ಡಿನ ಅಕ್ಕಪಕ್ಕದ ಎರಡು ಕೀಗಳ ನಡುವಿನ ಅಂತರದ ಸುಮಾರು ಕಾಲುಭಾಗ. ಸಂಗೀತ ಕಲಿಯದ ಕಿವಿಗೂ ಚುಚ್ಚುವಷ್ಟಾಯಿತು. ಇದಕ್ಕೆ ಪೈಥಾಗೊರಸನ ಕಾಮಾ ಎಂದು ಹೆಸರು. ವಾಕ್ಯದ ನಡುವೆ ನಾವು ಹಾಕುವ ಕಾಮಾ ಎಂಬ ಹೆಸರಿನಂತೆ ಇದೂ ‘ಕತ್ತರಿಸಿದ ತುಂಡು’ ಎಂಬ ಗ್ರೀಕ್ ಪದದಿಂದ ಬಂದದ್ದು.

ಲೆಕ್ಕ ಎಲ್ಲಿ ತಪ್ಪಿತು? ಎಲ್ಲಿಯೂ ತಪ್ಪಲಿಲ್ಲ. ಮೂರನ್ನು ಮೂರರಿಂದ ಎಷ್ಟು ಸಲ ಗುಣಿಸಿದರೂ ಬರುವುದು ಬೆಸಸಂಖ್ಯೆ. ಎರಡನ್ನು ಎರಡರಿಂದ ಎಷ್ಟು ಸಲ ಗುಣಿಸಿದರೂ ಬರುವುದು ಸಮಸಂಖ್ಯೆ. ಈ ಎರಡು ದಾರಿಗಳು ಲೋಕಾಂತ್ಯದವರೆಗೆ ನಡೆದರೂ ಒಂದೆಡೆ ಕೂಡಲಾರವು. ಇದರ ಮೇಲೆ ಇನ್ನೊಂದು ತೊಡಕಿದೆ. ‘ಪ’ದ ಹೆಜ್ಜೆಗಳಿಂದ ಬಂದ ‘ಗ’ದ ಅನುಪಾತ 81ಕ್ಕೆ 64. ತಂಬೂರಿಯ ‘ಸ’ ತಂತಿಯನ್ನು ಮೀಟಿ ಕಿವಿಗೊಟ್ಟರೆ ಅದರೊಳಗೇ ತಾನಾಗಿ ಕೇಳಿಬರುವ ಸಿಹಿಯಾದ ‘ಗ’ದ ಅನುಪಾತ 5ಕ್ಕೆ 4, ಅಂದರೆ 80ಕ್ಕೆ 64. ಒಂದೇ ಒಂದು ಅಂಕೆಯ ವ್ಯತ್ಯಾಸ, ಆದರೆ ಎರಡನ್ನೂ ಒಟ್ಟಿಗೆ ನುಡಿಸಿದರೆ ಕಿವಿ ಕೂಡಲೇ ದೂರುತ್ತದೆ. ‘ಪ’ ಶುದ್ಧವಾಗಿರಬೇಕೆಂದರೆ ‘ಗ’ ಕೆಡುತ್ತದೆ. ‘ಗ’ ಸಿಹಿಯಾಗಿರಬೇಕೆಂದರೆ ‘ಪ’ ಸಡಿಲವಾಗುತ್ತದೆ.

ಪ್ರಿಯ ಓದುಗರೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ಎರಡೂ ಸರಿ, ಆದರೂ ಕೂಡಿ ಬಾಳಲಾರವು ಎಂಬ ಸಂಗತಿ ನಮ್ಮ ಮನಸ್ಸಿಗೆ ಸುಲಭವಾಗಿ ಒಗ್ಗುವುದಿಲ್ಲ. ಎಲ್ಲಾದರೂ ಏನಾದರೂ ಮಿಕ್ಕಿದರೆ, ಒಡಕು ಕಂಡರೆ, ಯಾರೋ ಒಬ್ಬರ ತಪ್ಪಿರಲೇಬೇಕೆಂದು ಹುಡುಕಲು ಹೊರಡುತ್ತೇವೆ. ಮುಪ್ಪಿನ ತಾಯಿಯನ್ನು ನೋಡಿಕೊಳ್ಳುವುದು ಒಳ್ಳೆಯದು. ಮಕ್ಕಳ ಓದಿಗಾಗಿ ಪಟ್ಟಣದಲ್ಲಿ ಸಂಸಾರ ಹೂಡುವುದೂ ಒಳ್ಳೆಯದು. ಹೊಲವನ್ನು ಪಾಳುಬಿಡದೆ ದುಡಿಯುವುದು ಒಳ್ಳೆಯದು, ಹೆಂಡತಿಯ ಆರೋಗ್ಯ ನೋಡುವುದು ಒಳ್ಳೆಯದು. ಇವಿಷ್ಟನ್ನೂ ಒಂದು ಮನೆಯಲ್ಲಿ ಕೂಡಿಸಿ ನೋಡಿ, ಕೊನೆಗೆ ಒಂದು ಚೂರು ಮಿಕ್ಕೇ ಮಿಕ್ಕುತ್ತದೆ: ಯಾರ ಪಾಲಿಗೂ ಬಾರದ ಒಂದು ರಾತ್ರಿ, ಯಾರೂ ಕೊಡದ ಒಂದು ಔಷಧದ ಚೀಟಿ. ಅದು ಮಿಕ್ಕಿದ್ದು ಯಾರ ಪಾಪದಿಂದಲೂ ಅಲ್ಲ. ಮಿಕ್ಕಿದ್ದನ್ನು ಮಿಕ್ಕೇ ಇಲ್ಲವೆಂದು ನಟಿಸುವುದರಲ್ಲಿ, ಅಥವಾ ಕೇಳುವವರಿಲ್ಲದ ಒಬ್ಬರ ಮೇಲೆ ಹೊರಿಸುವುದರಲ್ಲಿ ಪಾಪ ಶುರುವಾಗುತ್ತದೆ.

ಯುರೋಪಿನವರು ಮೊದಲು ಮಾಡಿದ್ದೂ ಅದನ್ನೇ, ಅಂದರೆ ಒಂದು ಮೂಲೆಗೆ ತಳ್ಳುವುದನ್ನು. ಹದಿನೈದು, ಹದಿನಾರನೆಯ ಶತಮಾನಗಳಲ್ಲಿ ಬಹುಧ್ವನಿ ಗಾಯನ ಬೆಳೆದಂತೆ ಸಿಹಿಯಾದ ‘ಗ’ ಎಲ್ಲರಿಗೂ ಬೇಕಾಯಿತು. ಆಗ ಆರ್ಗನ್‌ಗಳನ್ನು ಮೀನ್‌ಟೋನ್ ಎಂಬ ಕ್ರಮದಲ್ಲಿ ಶ್ರುತಿಮಾಡತೊಡಗಿದರು. 1523ರಲ್ಲಿ ಪಿಯೆತ್ರೋ ಆರೋನ್ ಇದನ್ನು ಪುಸ್ತಕದಲ್ಲಿ ವಿವರಿಸಿದ್ದಾನೆ. ಹನ್ನೊಂದು ‘ಪ’ಗಳನ್ನು ಕಿವಿಗೆ ಅಷ್ಟಾಗಿ ತಿಳಿಯದಷ್ಟು ಕಿರಿದು ಮಾಡುವುದು, ‘ಗ’ಗಳನ್ನು ಜೇನಿನಂತೆ ಶುದ್ಧವಾಗಿಡುವುದು, ಆಗ ಒಟ್ಟಾಗುವ ಮಿಕ್ಕಿದ್ದನ್ನೆಲ್ಲ ಹನ್ನೆರಡನೆಯ ಒಂದೇ ‘ಪ’ದ ಮೇಲೆ ಹೇರುವುದು. ಆ ಒಂದು ಮಾತ್ರ ಎಷ್ಟು ಕೆಡುತ್ತಿತ್ತೆಂದರೆ ನುಡಿಸಿದಾಗ ಊಳಿಟ್ಟಂತೆ ಕೇಳಿಸುತ್ತಿತ್ತು. ಅದಕ್ಕೆ ಅವರು ಇಟ್ಟ ಹೆಸರೇ ತೋಳ. ತೋಳವನ್ನು ಕಪ್ಪು ಕೀಗಳ ನಡುವಿನ, ಯಾರೂ ಹೆಚ್ಚಾಗಿ ಹೋಗದ ಜಾಗದಲ್ಲಿ ಕಟ್ಟಿಹಾಕುತ್ತಿದ್ದರು. ಬಳಕೆಯ ಸ್ಕೇಲುಗಳಲ್ಲಿ ಹಾಡಿದವರಿಗೆಲ್ಲ ಸ್ವರ್ಗಸುಖ. ಅತ್ತ ಕಡೆ ಹೋಗಬೇಡಿ ಎಂದು ನುಡಿಸುವವನಿಗೆ ಒಂದು ಎಚ್ಚರಿಕೆ, ಅಷ್ಟೇ.

ಇಂಥ ಮನೆಗಳು ಪ್ರತಿ ಧರ್ಮಕೇಂದ್ರದಲ್ಲೂ ಇವೆ. ಒಂದು ಮನೆಯೆಂದೇ ಇಟ್ಟುಕೊಳ್ಳೋಣ. ಮೂವರು ಗಂಡುಮಕ್ಕಳು, ಅವರಿಗಿಂತ ಹಿರಿಯಳಾದ ಒಬ್ಬ ಮಗಳು. ತಂದೆ ತೀರಿಕೊಂಡಾಗ ತಮ್ಮಂದಿರು ಚಿಕ್ಕವರು, ಅಕ್ಕ ಮದುವೆಯಾಗಲಿಲ್ಲ. ಈಗ ತಾಯಿ ಹಾಸಿಗೆ ಹಿಡಿದು ಆರು ವರ್ಷ. ತಮ್ಮಂದಿರ ಸಂಸಾರಗಳು ಸುಂದರವಾಗಿವೆ. ಹಬ್ಬಕ್ಕೆ ಬರುತ್ತಾರೆ, ತಾಯಿಯ ಹಣೆಗೆ ಮುತ್ತಿಡುತ್ತಾರೆ, ಜಪಸರ ಹೇಳುತ್ತಾರೆ, ಹೋಗುತ್ತಾರೆ. ರಾತ್ರಿ ಮೂರು ಸಲ ಏಳುವವಳು ಅಕ್ಕ. ಕೇಳಿದರೆ “ಅಕ್ಕನಿಗೆ ಅಭ್ಯಾಸವಾಗಿದೆ ಸ್ವಾಮಿ, ಅಮ್ಮನಿಗೂ ಅವಳೇ ಬೇಕು” ಎನ್ನುತ್ತಾರೆ. ಅಕ್ಕನ ಬಾಯಿ ಮಾತ್ರ ಈಚೆಗೆ ಬಹಳ ಕಹಿಯಾಗಿದೆ, ಸಣ್ಣಪುಟ್ಟದಕ್ಕೂ ಸಿಡಿಮಿಡಿ ಎಂದು ನಾದಿನಿಯರು ದೂರುತ್ತಾರೆ. ಹನ್ನೊಂದು ಜನರ ಹೊರೆಯನ್ನು ಒಬ್ಬರ ಮೇಲೆ ಇಟ್ಟಾಗ ಆ ಒಬ್ಬರ ದನಿ ಊಳಿಟ್ಟಂತೆ ಕೇಳಿಸದೆ ಇನ್ನು ಹೇಗೆ ಕೇಳಿಸೀತು? ತೋಳ ಎಂದು ಹೆಸರಿಟ್ಟವರು ಅದರ ಸದ್ದನ್ನಷ್ಟೇ ಕೇಳಿದರು; ಪಕ್ಕದ ಹನ್ನೊಂದರ ಇಂಪು ಎಲ್ಲಿಂದ ಬಂತೆಂದು ಕೇಳಲಿಲ್ಲ.

ಕೆಲವರು ಮಿಕ್ಕಿದ್ದಕ್ಕೆಲ್ಲ ಬೇರೆ ಬೇರೆ ಜಾಗ ಮಾಡಿಕೊಡಲು ಯತ್ನಿಸಿದರು. ಇಟಲಿಯ ಕೆಲವು ಆರ್ಗನ್‌ಗಳಲ್ಲಿ ಕಪ್ಪು ಕೀಯನ್ನೇ ಎರಡಾಗಿ ಸೀಳಿ ಎರಡು ಸ್ವರ ಇಟ್ಟರು. ನಿಕೋಲಾ ವಿಚೆಂತೀನೋ ಎಂಬ ಯಾಜಕ 1555ರ ತನ್ನ ಪುಸ್ತಕದಲ್ಲಿ ಒಂದು ಸ್ಥಾಯಿಗೆ 36 ಕೀಗಳಿರುವ ವಾದ್ಯವನ್ನು ವರ್ಣಿಸಿದ್ದಾನೆ. ಎಲ್ಲರಿಗೂ ನ್ಯಾಯ ದೊರಕಿಸುವ ವಾದ್ಯ. ಆದರೆ ಅದನ್ನು ನುಡಿಸಬಲ್ಲವರು ಎಷ್ಟು ಜನ?

ಇನ್ನೊಂದು ಪರಿಹಾರ ಎಲ್ಲರಿಗೂ ಗೊತ್ತಿರುವುದೇ: ಸಮನಾಗಿ ಹಂಚಿಬಿಡುವುದು. ಆಕ್ಟೇವನ್ನು ಹನ್ನೆರಡು ಸರಿಸಮ ಮೆಟ್ಟಿಲುಗಳಾಗಿ ಕಡಿಯಬೇಕು. ಪ್ರತಿ ಮೆಟ್ಟಿಲನ್ನೂ ಸುಮಾರು 1.05946ರಿಂದ ಗುಣಿಸಿದರೆ ಹನ್ನೆರಡನೆಯದಕ್ಕೆ ಸರಿಯಾಗಿ ಎರಡು ಬರುತ್ತದೆ. ಈ ಲೆಕ್ಕವನ್ನು 1584ರಲ್ಲಿ ನಿಖರವಾಗಿ ಮಾಡಿ ತೋರಿಸಿದವನು ಚೀನಾದ ಮಿಂಗ್ ರಾಜವಂಶದ ಝು ಝೈಯು. ಮುಂದೆ ತನ್ನ ರಾಜಪದವಿಯನ್ನೇ ಬೇಡವೆಂದು ಬಿಟ್ಟುಕೊಟ್ಟ ಮನುಷ್ಯ ಅವನು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಯುರೋಪಿನಲ್ಲಿ ಸೈಮನ್ ಸ್ಟೆವಿನ್ ಕೂಡ ಇದೇ ಲೆಕ್ಕಕ್ಕೆ ಕೈಹಾಕಿದ. ಯುರೋಪಿನಲ್ಲಿ ಅದು ಎಲ್ಲೆಡೆ ರೂಢಿಗೆ ಬರಲು ಮಾತ್ರ ಹತ್ತೊಂಬತ್ತನೆಯ ಶತಮಾನ ಬೇಕಾಯಿತು. ನಮ್ಮ ಗಾನವೃಂದದ ಕೀಬೋರ್ಡು, ಗಿಟಾರಿನ ಮೇಲಿನ ಅಡ್ಡಪಟ್ಟಿಗಳು, ಇಂದಿನ ಪಿಯಾನೋ ಎಲ್ಲವೂ ಈ ಸಮಪಾಲಿನ ಮಕ್ಕಳು. ಇದರಲ್ಲಿ ತೋಳ ಇಲ್ಲ. ಹನ್ನೆರಡು ‘ಪ’ಗಳೂ ಕೂದಲೆಳೆಯಷ್ಟು ಬಿಟ್ಟುಕೊಟ್ಟಿವೆ. ಅಕ್ಕಪಕ್ಕದ ಎರಡು ಕೀಗಳ ಅಂತರವನ್ನು ನೂರು ಭಾಗ ಮಾಡಿದರೆ ಅದರಲ್ಲಿ ಎರಡು ಭಾಗದಷ್ಟು. ಹಾಡುವವರ ದನಿಗೆ ತಕ್ಕಂತೆ ಯಾವ ಸ್ಕೇಲಿಗಾದರೂ ಏರಿಸಬಹುದು, ಇಳಿಸಬಹುದು.

ಇದಕ್ಕಿಂತ ನ್ಯಾಯ ಇನ್ನೇನು ಎಂದು ಕೇಳಬಹುದು. ಆದರೆ ‘ಗ’ದ ಕಡೆಗೂ ಒಮ್ಮೆ ನೋಡಬೇಕು. ಸಮಪಾಲಿನಲ್ಲಿ ಪ್ರತಿ ‘ಗ’ವೂ ಶುದ್ಧ ‘ಗ’ಕ್ಕಿಂತ ಸುಮಾರು 14 ಭಾಗ ಮೇಲಿದೆ. ಒಂದು ಸ್ಕೇಲಿನಲ್ಲಲ್ಲ, ಎಲ್ಲದರಲ್ಲೂ. ಹುಟ್ಟಿದಾಗಿನಿಂದ ಇದನ್ನೇ ಕೇಳಿದ ನಮ್ಮ ಕಿವಿಗೆ ಕಳೆದುಕೊಂಡದ್ದರ ನೆನಪೇ ಇಲ್ಲ. ನಮ್ಮ ದೇಶದ ಸಂಗೀತಗಾರರಿಗೆ ನೆನಪಿತ್ತು. ಒಂದೇ ‘ಸ’ವನ್ನು ತಂಬೂರಿಯಲ್ಲಿ ನಿಲ್ಲಿಸಿಕೊಂಡು ಹಾಡುವವರಿಗೆ ಸ್ಕೇಲಿನಿಂದ ಸ್ಕೇಲಿಗೆ ಜಿಗಿಯುವ ಅಗತ್ಯವಿಲ್ಲ, ಆದುದರಿಂದ ಶುದ್ಧ ‘ಗ’ವನ್ನು ಬಿಟ್ಟುಕೊಡುವ ಅಗತ್ಯವೂ ಇಲ್ಲ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂಗೆ ಬಾಗಿಲು ಮುಚ್ಚಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ, ಗಮಕ ಬಾರದ ಅದರ ಗಟ್ಟಿ ಸ್ವರಗಳ ಜೊತೆಗೆ ಈ ಸಮಪಾಲಿನ ಶ್ರುತಿಯೂ ಒಂದು. ಮೂವತ್ತೊಂದು ವರ್ಷದ ಬಹಿಷ್ಕಾರ ಅತಿಯಾಯಿತೆಂದು ನನ್ನ ಅನಿಸಿಕೆ. ಹಳ್ಳಿಯ ಭಜನೆಗೂ ನಾಟಕಕ್ಕೂ ಅಷ್ಟು ಉಪಕಾರ ಮಾಡಿದ ಪೆಟ್ಟಿಗೆ ಅದು. ಆದರೂ ದೂರು ಸುಳ್ಳಾಗಿರಲಿಲ್ಲ.

ನಾವು ಹೇಳಿದ ಮನೆಯಲ್ಲೂ ಸಮಪಾಲಿನ ಮಾತು ಬರಬಹುದು. ನಾಲ್ಕು ಮಕ್ಕಳು, ಹನ್ನೆರಡು ತಿಂಗಳು, ತಲಾ ಮೂರು ತಿಂಗಳು. ಲೆಕ್ಕ ಪಕ್ಕಾ, ಯಾರೂ ಬಾಯಿ ತೆರೆಯುವಂತಿಲ್ಲ. ಇಂಥ ಸರದಿಯ ತಾಯಂದಿರನ್ನು ನೋಡದ ಗುರುಗಳಿಲ್ಲ. ಒಂದು ಚೀಲ, ಒಂದು ಜಪಸರ, ಔಷಧದ ಡಬ್ಬಿ. ಮೂರು ತಿಂಗಳಿಗೊಮ್ಮೆ ಊರು ಬದಲು, ಹಾಸಿಗೆ ಬದಲು, ಡಾಕ್ಟರು ಬದಲು. ಯಾವ ಧರ್ಮಕೇಂದ್ರದ ಪುಸ್ತಕದಲ್ಲೂ ಆಕೆಯ ಹೆಸರು ಗಟ್ಟಿಯಾಗಿ ನಿಲ್ಲುವುದಿಲ್ಲ. ನೆರೆಮನೆಯವರ ಗುರುತಾಗುವಷ್ಟರಲ್ಲಿ ಹೊರಡುವ ದಿನ ಬಂದಿರುತ್ತದೆ. ಮಕ್ಕಳ ನಡುವೆ ಅನ್ಯಾಯವಾಗಿಲ್ಲ, ನಿಜ. ಆದರೆ ಪ್ರತಿ ಮನೆಯಲ್ಲೂ ಆಕೆ 14 ಭಾಗ ಹೊರಗಿನವಳು.

ಹಾಗಾದರೆ ನಡುವಿನ ದಾರಿ ಇದೆಯೇ? ಬಾಖ್ 1722ರಲ್ಲಿ ಹನ್ನೆರಡು ಸ್ವರಗಳ ಮೇಲಿನ ಮೇಜರ್, ಮೈನರ್ ಸ್ಕೇಲುಗಳಿಗೆ ಒಂದೊಂದರಂತೆ 24 ಜೋಡಿ ಕೃತಿಗಳನ್ನು ರಚಿಸಿ ಅದಕ್ಕೆ ‘ಚೆನ್ನಾಗಿ ಶ್ರುತಿಮಾಡಿದ ವಾದ್ಯ’ ಎಂಬ ಅರ್ಥದ ಹೆಸರಿಟ್ಟ. ಅನೇಕರು ಇದನ್ನು ಸಮಪಾಲಿನ ಶ್ರುತಿ ಎಂದೇ ತಿಳಿದಿದ್ದರು. ಬಾಖ್ ಹೇಳಿದ್ದು ‘ಚೆನ್ನಾಗಿ’ ಎಂದು, ‘ಸಮನಾಗಿ’ ಎಂದಲ್ಲ. ಅವನ ಕಾಲದ ಜರ್ಮನಿಯಲ್ಲಿ ಬೇರೆ ಕ್ರಮಗಳು ಪ್ರಚಲಿತವಾಗಿದ್ದವು. 1691ರಲ್ಲಿ ವೆರ್ಕ್‌ಮೈಸ್ಟರ್ ಎಂಬ ಆರ್ಗನ್ ವಾದಕ ಪ್ರಕಟಿಸಿದ ಒಂದು ಕ್ರಮದಲ್ಲಿ ಹನ್ನೆರಡು ‘ಪ’ಗಳಲ್ಲಿ ಎಂಟು ಪೂರ್ತಿ ಶುದ್ಧ, ಉಳಿದ ನಾಲ್ಕು ಕಾಮಾವನ್ನು ಕಾಲು ಕಾಲು ಹಂಚಿಕೊಳ್ಳುತ್ತವೆ. ಯಾವ ಸ್ವರವೂ ತೋಳವಾಗುವುದಿಲ್ಲ. ಎಲ್ಲ ಸ್ಕೇಲುಗಳಲ್ಲೂ ನುಡಿಸಬಹುದು, ಆದರೆ ಒಂದೊಂದು ಸ್ಕೇಲಿಗೆ ಒಂದೊಂದು ಮುಖ ಉಳಿದಿರುತ್ತದೆ. ಹೊರೆಯನ್ನು ಯಾರು ಎಷ್ಟು ತಾಳಬಲ್ಲರೋ ಅಷ್ಟು ಹಂಚುವ ಕ್ರಮ ಇದು.

ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಐದನೆಯ ಭಾಗದಲ್ಲಿ ಲೆಸ್ಬೋಸ್ ದ್ವೀಪದ ಕಟ್ಟಡದವರ ಸೀಸದ ಅಳತೆಪಟ್ಟಿಯ ಉದಾಹರಣೆ ಕೊಡುತ್ತಾನೆ. ಅದು ಕಲ್ಲಿನ ಆಕಾರಕ್ಕೆ ತಕ್ಕಂತೆ ಬಾಗುತ್ತದೆ. ಲಿಖಿತ ನಿಯಮ ಎಲ್ಲ ಸಂದರ್ಭಗಳಿಗೂ ಒಗ್ಗದಿದ್ದಾಗ ನಿಯಮದ ಉದ್ದೇಶವನ್ನು ಉಳಿಸಿಕೊಂಡು ಬಾಗುವ ಗುಣವನ್ನು ಆತ ಎಪಿಯೇಕಿಯಾ ಎಂದು ಕರೆದ. ಸಂತ ಥಾಮಸ್ ಅಕ್ವಿನಾಸ್ ಅದನ್ನು ನ್ಯಾಯಕ್ಕೆ ಸೇರಿದ ಸದ್ಗುಣವೆಂದೇ ಎಣಿಸುತ್ತಾರೆ. ಇಟ್ಟುಕೊಳ್ಳಲು ಕೊಟ್ಟ ಕತ್ತಿಯನ್ನು ಹಿಂದಿರುಗಿಸಬೇಕೆಂಬುದು ನಿಯಮ. ಕೊಟ್ಟವನಿಗೆ ಹುಚ್ಚು ಹಿಡಿದಿರುವಾಗ ಹಿಂದಿರುಗಿಸುವುದು ನ್ಯಾಯವಲ್ಲ, ಎಂಬುದು ಅವರು ಬಳಸುವ ಉದಾಹರಣೆ.

ಬಾಗುವ ಮಾತು ಬಂದರೆ ನಮ್ಮ ಜನಕ್ಕೆ ಭಯವಾಗುತ್ತದೆ. ಇಂದು ಇಷ್ಟು ಬಾಗಿದರೆ ನಾಳೆ ಎಷ್ಟು ಎಂದು ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಇದಕ್ಕೆ ಸ್ವರಶಾಸ್ತ್ರದಲ್ಲಿ ಒಂದು ಗಮನಾರ್ಹ ಉತ್ತರವಿದೆ. ಇಷ್ಟು ಶತಮಾನಗಳ ಈ ಎಲ್ಲ ಕ್ರಮಗಳಲ್ಲಿ ‘ಪ’ವನ್ನು ಬಾಗಿಸಿದರು, ‘ಗ’ವನ್ನು ಬಾಗಿಸಿದರು, ಆಕ್ಟೇವನ್ನು ಮಾತ್ರ ಮುಟ್ಟಲಿಲ್ಲ. ಪಿಯಾನೋ ಶ್ರುತಿಮಾಡುವವರು ಉಕ್ಕಿನ ತಂತಿಯ ಬಿರುಸಿನಿಂದಾಗಿ ಅದನ್ನು ಒಂದಿಷ್ಟು ಹಿಗ್ಗಿಸುವುದುಂಟು, ಆದರೆ ಅದೂ ಕಿವಿಗೆ ಆಕ್ಟೇವ್ ಆಕ್ಟೇವಾಗಿಯೇ ಕೇಳಲಿ ಎಂದು. ಅದು ಕೆಟ್ಟರೆ ಹಂಚಲು ಮನೆಯೇ ಉಳಿಯುವುದಿಲ್ಲ. ತಾಯಿ ತನ್ನ ಹಾಸಿಗೆಯಲ್ಲಿ, ತನ್ನ ಊರಿನಲ್ಲಿ, ತನ್ನವರ ಕೈಯಲ್ಲಿ ಮರ್ಯಾದೆಯಿಂದ ಇರಬೇಕು ಎಂಬುದನ್ನು ನಾನು ಆಕ್ಟೇವಿನ ಜಾಗದಲ್ಲಿಡುತ್ತೇನೆ. ಯಾರು ಹಣ ಕಳಿಸಬೇಕು, ಯಾರು ರಜೆ ಹಾಕಬೇಕು, ಯಾರ ಮಗಳ ಮದುವೆಯನ್ನು ಸ್ವಲ್ಪ ಸರಳವಾಗಿ ಮಾಡಬೇಕು, ಇವೆಲ್ಲ ‘ಪ’ಗಳು, ಬಾಗಬಲ್ಲವು. ಬಹಳ ಮನೆಗಳಲ್ಲಿ ಇದು ತಿರುಗುಮುರುಗಾಗಿರುವುದನ್ನು ನೋಡುತ್ತೇವೆ.

ಬಾಗಬೇಕಾದವರು ಒಬ್ಬರಿಗೊಬ್ಬರು ಕಿವಿಗೊಡದೆ ಇರುವುದೂ ಸಾಧ್ಯವಿಲ್ಲ. ಬೆನೆದೆತ್ತಿ ಎಂಬ ಇಟಲಿಯ ಗಣಿತಜ್ಞ ಸಂಗೀತಗಾರ ಚಿಪ್ರಿಯಾನೋ ದೆ ರೋರೆಗೆ ಬರೆದ ಪತ್ರಗಳು 1585ರಲ್ಲಿ ಅಚ್ಚಾದವು. ಅವುಗಳಲ್ಲಿ ಆತ ಒಂದು ಸಣ್ಣ ಸ್ವರಸಾಲನ್ನು ಬರೆದು ತೋರಿಸುತ್ತಾನೆ: ವಾದ್ಯವಿಲ್ಲದೆ ಹಾಡುವ ಗಾಯಕರು ಪ್ರತಿ ಹೆಜ್ಜೆಯಲ್ಲೂ ಪಕ್ಕದವನೊಂದಿಗೆ ನೂರಕ್ಕೆ ನೂರು ಶುದ್ಧವಾಗಿ ಹೊಂದಿಸಿಕೊಂಡು ಹಾಡಿದರೆ, ಸಾಲು ಮುಗಿಯುವಷ್ಟರಲ್ಲಿ ಇಡೀ ಗಾನವೃಂದ ಆರಂಭಿಸಿದ ಶ್ರುತಿಯಿಂದ ಒಂದು ಕಾಮಾ ಸರಿದಿರುತ್ತದೆ. ಮತ್ತೆ ಹಾಡಿದರೆ ಇನ್ನೊಂದು ಕಾಮಾ. ಯಾರೂ ತಪ್ಪು ಹಾಡಿಲ್ಲ. ಒಳ್ಳೆಯ ಗಾನವೃಂದಗಳು ಇದನ್ನು ಹಾಡುತ್ತಲೇ ಸರಿಪಡಿಸಿಕೊಳ್ಳುತ್ತವೆ: ಉದ್ದವಾಗಿ ನಿಲ್ಲುವ ಸ್ವರದಲ್ಲಿ ಶುದ್ಧತೆಯನ್ನು ಹಿಡಿಯುತ್ತಾರೆ, ಕ್ಷಣದಲ್ಲಿ ದಾಟಿಹೋಗುವ ಸ್ವರದಲ್ಲಿ ಕೂದಲೆಳೆಯಷ್ಟು ಬಿಡುತ್ತಾರೆ. ಎಲ್ಲಿ ಬಿಟ್ಟರು, ಎಷ್ಟು ಬಿಟ್ಟರು ಎಂದು ಕೇಳುಗರಿಗೆ ತಿಳಿಯುವುದಿಲ್ಲ.

ಪಿಯಾನೋ ಶ್ರುತಿಮಾಡುವವನ ಕೆಲಸ ಇದಕ್ಕಿಂತ ನಿಧಾನದ್ದು. ಸೆಕೆಂಡಿಗೆ 220 ಸಲ ಕಂಪಿಸುವ ಸ್ವರವನ್ನೂ ಅದರ ‘ಪ’ವನ್ನೂ ಒಟ್ಟಿಗೆ ನುಡಿಸಿ ಮೊದಲು ಪೂರ್ತಿ ಶುದ್ಧಮಾಡಿಕೊಳ್ಳುತ್ತಾನೆ. ಎರಡು ನಾದಗಳೂ ಬೆರೆತು ನೀರು ನಿಂತಂತೆ ನಿಶ್ಚಲವಾಗುತ್ತವೆ. ಆಮೇಲೆ ಕೀಲವನ್ನು ಎಷ್ಟೆಂದರೆ ಅಷ್ಟು ಕಡಿಮೆ ಸಡಿಲಿಸುತ್ತಾನೆ, ನಾಲ್ಕು ಸೆಕೆಂಡಿಗೆ ಸುಮಾರು ಮೂರು ಸಲ ನಾದ ಅಲೆಯಂತೆ ಏರಿ ಇಳಿಯುವವರೆಗೆ. ಗಡಿಯಾರ ನೋಡುವುದಿಲ್ಲ, ಉಸಿರು ಬಿಗಿಹಿಡಿದು ಎಣಿಸುತ್ತಾನೆ. ಅಷ್ಟಾದ ಮೇಲೆ ಮುಂದಿನ ತಂತಿ.

ನಮ್ಮ ಆ ಮನೆಗೆ ಮರಳುವುದಾದರೆ, ಮೂವರು ತಮ್ಮಂದಿರು ಒಂದು ಸಂಜೆ ಅಕ್ಕನ ಮುಂದೆ ಕೂತು, ಅವಳು ರಾತ್ರಿ ಎಷ್ಟು ಸಲ ಏಳುತ್ತಾಳೆ ಎಂದು ಮೊದಲು ಕೇಳಬೇಕು. ಅಮ್ಮನನ್ನು ಎಲ್ಲಿಗೂ ಸಾಗಿಸುವುದು ಬೇಡ. ದೊಡ್ಡ ತಮ್ಮನ ಹೆಂಡತಿ ಶಾಲೆಯಲ್ಲಿ ಟೀಚರ್ ಆಗಿದ್ದರೆ ಮೇ ತಿಂಗಳು ಅವಳದಾಗಲಿ. ನಡುವಿನವನ ಕೈಯಲ್ಲಿ ದುಡ್ಡು ಇಲ್ಲದಿದ್ದರೂ ಊರು ಹತ್ತಿರ. ಶನಿವಾರದ ರಾತ್ರಿಗಳು ಅವನದು. ಕಿರಿಯವನು ಕೊಲ್ಲಿ ದೇಶದಲ್ಲಿದ್ದಾನೆ, ಬರಲಾರ. ಹಗಲಿಗೊಬ್ಬ ಕೆಲಸದವಳನ್ನು ಇಡುವ ಖರ್ಚು ಅವನದು. ಅಕ್ಕನಿಗೆ ಎಷ್ಟೋ ವರ್ಷಗಳಿಂದ ವೇಳಾಂಕಣಿಗೆ ಹೋಗಬೇಕೆಂಬ ಆಸೆ. ಸೆಪ್ಟೆಂಬರಿನ ಹಬ್ಬಕ್ಕೆ ರೈಲಿನಲ್ಲಿ ಸೀಟು ಸಿಗಬೇಕಾದರೆ ಎರಡು ತಿಂಗಳು ಮೊದಲೇ ಬುಕ್ ಮಾಡಬೇಕು.